ಕೊರತೆ ವಿಭಾಗದ ಅತ್ತಿಗೆ

ನನ್ನ ಅತ್ತಿಗೆ ಕೆಲಸ ಮಾಡುವುದು ನಗರಪಾಲಿಕೆಯ ವಸತಿ ಇಲಾಖೆಯಲ್ಲಿ. ಅವರ ವಿಭಾಗಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿದೆ, ಬಾಯಲ್ಲಿ ಎಲ್ಲರೂ ಅನ್ನುವುದು ಕೊರತೆ ವಿಭಾಗ ಎಂದೇ. ಬಡವರ ಮನೆಗಳ ಕಟ್ಟಡ ಏಳಬೇಕಾದರೆ ಬ್ಯಾಂಕು ಒಂದಿಷ್ಟು ಸಾಲ ಕೊಡುತ್ತದೆ, ಸರ್ಕಾರ ಒಂದಿಷ್ಟು ಕೊಡುತ್ತದೆ, ಮನೆ ಬೇಕಾದವರು ಹೊಟ್ಟೆ ಬಟ್ಟೆ ಕಟ್ಟಿ ಒಂದಿಷ್ಟು ಕೂಡಿಸುತ್ತಾರೆ. ಆದರೂ ಸಾಲುವುದಿಲ್ಲ. ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದು ಅತ್ತಿಗೆಯ ವಿಭಾಗ. ತುಂಬಿಕೊಡುವುದಕ್ಕೂ ಒಂದು ಮಿತಿ ಇದೆ. ಕೊರತೆ ಆ ಮಿತಿ ದಾಟಿತೋ, ಕಡತ ವಾಪಸ್ಸು. ಹಾಗಾಗಿ ಇನ್ನೂ ಕಟ್ಟದ ಕಟ್ಟಡಗಳಿಂದ ಏನೇನು ಕಿತ್ತುಹಾಕಬಹುದು ಎಂದು ಹುಡುಕುವುದರಲ್ಲೇ ಅತ್ತಿಗೆಯ ಅರ್ಧ ಆಯುಷ್ಯ ಕಳೆದಿದೆ.

ನನ್ನ ಕನ್ನಡಕದ ಅಂಗಡಿ ಇರುವುದೂ ಅದೇ ರಸ್ತೆಯಲ್ಲಿ. ಸಂಜೆ ಅವರನ್ನು ಸ್ಕೂಟರಿನಲ್ಲಿ ಮನೆಗೆ ಕರೆತರುವುದು ನನ್ನ ಪಾಲಿಗೆ ಬಿದ್ದ ಕೆಲಸ.

"ಇವತ್ತು ಏನು ಕಿತ್ರಿ ಅತ್ತಿಗೆ?"

"ಬಾಲ್ಕನಿ."

ಇನ್ನೊಂದು ದಿನ ಟೈಲ್ಸು. ಮತ್ತೊಂದು ದಿನ ಒಳಗಿನ ಬಣ್ಣ.

"ಹೀಗೇ ಬಿಟ್ರೆ ಗೋಡೆನೂ ಕೀಳ್ತೀರಿ."

"ಸುಮ್ನೆ ಗಾಡಿ ಓಡ್ಸಪ್ಪ."

ಮನೆಗೆ ಬಂದ ನೆಂಟರನ್ನು ಅತ್ತಿಗೆ ಅಭ್ಯಾಸದಂತೆ "ಊಟಕ್ಕೆ ಏನೂ ಕೊರತೆ ಆಗ್ಲಿಲ್ಲ ತಾನೆ?" ಎಂದು ಕೇಳಿದರೆ ನಮ್ಮಣ್ಣ ಬಾಯಿ ಹಾಕುತ್ತಾನೆ: "ಆಗಿದ್ರೆ ಅರ್ಜಿ ಕೊಡಿ, ಮೂರು ವರ್ಷದಲ್ಲಿ ವಾಪಸ್ ಕಳಿಸ್ತಾಳೆ." ಮೊದಮೊದಲು ಅತ್ತಿಗೆಯೂ ನಗುತ್ತಿದ್ದರು. ಈಗ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಈ ಬದಲಾವಣೆ ಬಂದದ್ದು ಇಸ್ತ್ರಿ ಅಕ್ಕನ ಕಟ್ಟಡದಿಂದ.

ಹಳೇ ಗೋದಾಮುಗಳ ಹಿಂದೆ ಒಂದು ಗಲ್ಲಿ. ರಸ್ತೆ ಅಗಲ ಮಾಡಲು ಅದನ್ನು ಒಡೆಯುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಲ್ಲ ಸೇರಿ ಸಂಘ ಕಟ್ಟಿಕೊಂಡು, ಪಕ್ಕದಲ್ಲೇ ತಮಗೊಂದು ಕಟ್ಟಡ ಬೇಕೆಂದು ಓಡಾಡತೊಡಗಿದರು. ಸಂಘದ ಅಧ್ಯಕ್ಷೆ ಇಸ್ತ್ರಿ ಅಂಗಡಿಯ ಹೆಂಗಸು. ಮೂಟೆ ಇಳಿಸುವಾಗ ಬಿದ್ದು ಬೆನ್ನು ಮುರಿದುಕೊಂಡ ಆಕೆಯ ಗಂಡ ಗಾಲಿಕುರ್ಚಿ ಸೇರಿ ವರ್ಷಗಳೇ ಆಗಿದ್ದವು. ವಾರಕ್ಕೆರಡು ಸಲ ಆಸ್ಪತ್ರೆ. ಅಷ್ಟರ ನಡುವೆಯೂ ಆಕೆ ಅತ್ತಿಗೆಯ ಮೇಜಿನ ಮುಂದೆ ಹಾಜರು. ಅಂಗಡಿಗಳು ಕೆಳಗೆ, ಮನೆಗಳು ಮೇಲೆ, ನಡುವೆ ಲಿಫ್ಟು. ನಕ್ಷೆಯಲ್ಲಿ ಆ ಲಿಫ್ಟನ್ನು ಕಂಡ ದಿನ ಆಕೆ ಹತ್ತು ವರ್ಷ ಚಿಕ್ಕವಳಾದಳು ಎಂದು ಅತ್ತಿಗೆ ನನಗೆ ಹೇಳಿದ್ದರು.

ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೆವಳುವಷ್ಟರಲ್ಲಿ ಕಬ್ಬಿಣ, ಸಿಮೆಂಟಿನ ಬೆಲೆ ಏರಿತು. ಕೊರತೆ ಮಿತಿ ದಾಟಿತು. ಸಭೆಯಲ್ಲಿ ಎಂಜಿನಿಯರು ಸೀದಾ ಲಿಫ್ಟಿನ ಮೇಲೆ ಬೆರಳಿಟ್ಟ. ಮೂರೇ ಮಹಡಿ, ಕಡ್ಡಾಯವೇನಲ್ಲ ಎಂದ. ಕೆಳಗಿನ ಅಂಗಡಿಗಳಲ್ಲಿ ಒಂದನ್ನಾದರೂ ಮನೆ ಮಾಡೋಣ ಎಂದು ಅತ್ತಿಗೆ ಹಟ ಹಿಡಿದರು. ಅಂಗಡಿ ಬಾಡಿಗೆಯಿಂದಲೇ ಸಾಲ ತೀರಬೇಕು, ಒಂದು ಅಂಗಡಿ ತಪ್ಪಿದರೂ ಸಾಲವಿಲ್ಲ ಎಂದು ಬ್ಯಾಂಕಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು.

"ಲಿಫ್ಟಿನ ಜಾಗನಾದ್ರೂ ಬಿಡಿ. ಮುಂದೆ ಯಾವತ್ತಾದ್ರೂ ಹಾಕ್ಸೋಣ" ಎಂದರಂತೆ ಅತ್ತಿಗೆ.

"ಖಾಲಿ ಜಾಗಕ್ಕೇನು ಖರ್ಚು ಮೇಡಂ, ಇರ್ಲಿ ಬಿಡಿ" ಎಂದು ಎಂಜಿನಿಯರು ನಕ್ಕನಂತೆ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು ನನಗೆ. ಆದರೆ ಮಿತಿ ಹಾಕಿದವನು ಅವನೂ ಅಲ್ಲ.

ನಕ್ಷೆ ಬದಲಾಗಲು ಸಂಘದ ಒಪ್ಪಿಗೆ ಬೇಕಿತ್ತು. ಇಸ್ತ್ರಿ ಅಕ್ಕ ಬಂದಳು. ಅತ್ತಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು.

"ಲಿಫ್ಟ್ ಬೇಕೇ ಬೇಕು ಅಂದ್ರೆ?"

"ಈ ವರ್ಷ ಹಣ ಸಿಗಲ್ಲ. ಗಲ್ಲಿ ಮಾತ್ರ ಈ ವರ್ಷವೇ ಒಡೀತಾರೆ."

"ಅಷ್ಟೂ ಮನೆಯೋರು ಬೀದಿಗೆ?"

ಅತ್ತಿಗೆ ಹೌದೆಂದು ತಲೆಯಾಡಿಸಿದರು. ಆಕೆ ಪೆನ್ನು ಕೇಳಿದಳು.

"ಮನೆಯವರನ್ನ ಒಂದ್ಮಾತು ಕೇಳ್ಕೊಂಡು ಬನ್ನಿ."

"ಅವರಿಗೆ ನಾನು ಹೇಳ್ಕೋತೀನಿ ಮೇಡಂ." ಸಹಿ ಹಾಕಿದಳು.

ಆವತ್ತು ಸ್ಕೂಟರಿನಲ್ಲಿ ನಾನು ಏನು ಕಿತ್ತಿರೆಂದು ಕೇಳಲಿಲ್ಲ. ಅವರ ಮುಖವೇ ಬಾಯಿ ಮುಚ್ಚಿಸುವಂತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವರೇ ಹೇಳಿದರು, "ಸಾಕಾಗಿದೆ ಕಣೋ. ಕೊಡೋ ಕೆಲಸ ಅಂತ ಸೇರ್ಕೊಂಡೆ. ದಿನಾ ಕಿತ್ಕೊಳ್ಳೋದೇ ಆಯ್ತು."

ಕಟ್ಟಡ ಎದ್ದಿತು. ಬೀಗದ ಕೈ ಕೊಡುವ ದಿನ ಅಂಗಡಿಗೆ ರಜೆಯಿತ್ತು, ನಾನೂ ಜೊತೆಗೆ ಹೋದೆ. ಹೊಸ ಸಿಮೆಂಟಿನ ವಾಸನೆ, ಬಾಗಿಲಿಲ್ಲದ ಅಂಗಡಿಯೊಳಗೆ ಒಂದು ಮೇಜು, ಮೇಜಿನ ಹಿಂದೆ ಅತ್ತಿಗೆ. ಮೆಟ್ಟಿಲ ಪಕ್ಕ ಲಿಫ್ಟಿನ ಖಾಲಿ ಜಾಗಕ್ಕೆ ಹಲಗೆ ಬಡಿದಿದ್ದರು. ಇಸ್ತ್ರಿ ಅಕ್ಕನಿಗೆಂದು ಅತ್ತಿಗೆ ಮೊದಲ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡಿದ್ದ ಮನೆಯನ್ನೇ ಎತ್ತಿಟ್ಟಿದ್ದರು. ಅದಕ್ಕಿಂತ ಕೆಳಗಿನದು ಅವರ ಕೈಲಿರಲಿಲ್ಲ.

ಆಕೆ ಒಬ್ಬಳೇ ಬಂದಳು. ಬೀಗದ ಕೈ ಇಸಿದುಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ತೆರೆದ ಸದ್ದು, ಕಿಟಕಿ ತೆರೆದ ಸದ್ದು, ಆಮೇಲೆ ನಲ್ಲಿಯಿಂದ ನೀರು ಬೀಳುವ ಸದ್ದು. ತುಂಬ ಹೊತ್ತು ನೀರು ಬೀಳುತ್ತಲೇ ಇತ್ತು. ಕೆಳಗಿಳಿದು ಬಂದವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ಮುಂದಿನೋರಿಗೆ ಕೊಟ್ಬಿಡಿ ಮೇಡಂ."

"ಯಾಕೆ? ಒಂದೇ ಮಹಡಿ. ಅಕ್ಕಪಕ್ಕದೋರು ಎತ್ಕೊಂಡು ಹತ್ತಿಸ್ತಾರಲ್ವಾ?"

"ಹತ್ತಿಸ್ತಾರೆ. ಒಂದು ತಿಂಗಳು, ಎರಡು ತಿಂಗಳು. ಆಮೇಲೆ ಅವರಿಗೂ ಕೆಲಸ ಕಾರ್ಯ ಇರುತ್ತೆ. ಆಸ್ಪತ್ರೆಗೆ ಹೋಗೋ ದಿನವೆಲ್ಲ ನಾನು ಬಾಗಿಲು ಬಾಗಿಲು ತಟ್ಬೇಕು, ಇವ್ರು ಅದನ್ನ ನೋಡ್ತಾ ಕೂತಿರ್ಬೇಕು. ಬೇಡ ಮೇಡಂ. ಊರಾಚೆ ನಮ್ಮ ನಾದಿನಿ ಮನೆ ಹತ್ರ ಒಂದು ಕೋಣೆ ನೋಡಿದೀವಿ. ಬಾಡಿಗೆ ಜಾಸ್ತಿ, ಆದ್ರೆ ಮೆಟ್ಲಿಲ್ಲ."

"ಇದನ್ನ ಆವತ್ತೇ ಹೇಳಬಾರದಿತ್ತಾ?" ಅತ್ತಿಗೆಯ ದನಿ ಏರಿತು. ಸಿಟ್ಟು ಯಾರ ಮೇಲೆ ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ಹೇಳಿದ್ರೆ ನನ್ನ ಕೈಲಿ ಸಹಿ ಹಾಕಿಸ್ತಿದ್ರಾ?"

ಅತ್ತಿಗೆ ಬೀಗದ ಕೈಯನ್ನು ತಮ್ಮತ್ತ ಎಳೆದುಕೊಂಡರು. ಹೊರಗೆ ಜನ ಗಲಾಟೆ ಮಾಡಿಕೊಂಡು ನಗುತ್ತಿದ್ದರು. ಯಾರೋ ಇಸ್ತ್ರಿ ಅಕ್ಕನಿಗೆ ಸಿಹಿ ಕೊಡಲು ಬಂದರು. ಆಕೆ ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ಹೇಳಿ, ರಸ್ತೆಗಿಳಿದು ಹೋದಳು.

ಕಾದಿದ್ದವರ ಪಟ್ಟಿಯಲ್ಲಿ ಮುಂದಿನ ಹೆಸರನ್ನು ಕೂಗದೆ ವಿಧಿಯಿರಲಿಲ್ಲ. ಅತ್ತಿಗೆ ಕೂಗಿದರು. ಎಳೆಗೂಸನ್ನು ಎತ್ತಿಕೊಂಡ ಗಂಡ ಹೆಂಡತಿ ನಂಬಲಾರದೆ ಓಡಿಬಂದರು. ಹೆಂಡತಿ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು, "ನೀರು ಬರುತ್ತಾ ಮೇಡಂ?" ಎಂದು ಕೇಳಿದಳು.

"ಬರುತ್ತಮ್ಮ. ಜೋರಾಗೇ ಬರುತ್ತೆ" ಎಂದರು ಅತ್ತಿಗೆ.