ಗುಂಡುಗುಮ್ಮನ ಬಣ್ಣ

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಅವಳ ಹಲ್ಲಿನಿಂದಲ್ಲ, ಅವಳು ಕಟ್ಟುತ್ತಿದ್ದ ಹಲ್ಲಿನಿಂದ. ಇಪ್ಪತ್ತೆಂಟು ವರ್ಷದಿಂದ ಅವಳು ಒಂದೇ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹಲ್ಲಿನ ಡಾಕ್ಟರುಗಳು ಜನರ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸುತ್ತಿದ್ದರು. ಅವಳು ಅದಕ್ಕೆ ಪ್ಲಾಸ್ಟರು ಸುರಿದು ದವಡೆ ಮಾಡಿಕೊಂಡು, ಗುಲಾಬಿ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತ ಹೋಗುತ್ತಿದ್ದಳು. ನಮಗೆಲ್ಲ ಬಿಳಿ ಅಂದರೆ ಒಂದೇ ಬಿಳಿ. ಅವಳಿಗೆ ಹಾಗಲ್ಲ. ಚಹಾ ಬಿಡದವರ ಬಿಳಿ ಬೇರೆ, ಸಿಗರೇಟು ಬಿಟ್ಟವರ ಬಿಳಿ ಬೇರೆ, ಬಾಯಿ ಬಿಟ್ಟು ನಗದವರ ಬಿಳಿಯೇ ಬೇರೆ ಅನ್ನುತ್ತಿದ್ದಳು. ಬಣ್ಣದ ವಿಷಯದಲ್ಲಿ ಲ್ಯಾಬಿನ ಯಜಮಾನರು ಕೂಡ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ. "ಹಲ್ಲಕ್ಕನ ಕಣ್ಣು ದಾಟಿದ್ರೆ ಮುಗೀತು, ಕನ್ನಡೀನೂ ಸುಮ್ನಾಗುತ್ತೆ," ಅನ್ನುತ್ತಿದ್ದರು.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಲ್ಯಾಬಿನಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಪ್ಲಾಸ್ಟರಿನ ಧೂಳು ಇಳಿಯಲೋ ಏರಲೋ ಎಂದು ತೋಚದಂತೆ ತೇಲುತ್ತಿತ್ತು. ಶೆಲ್ಫಿನ ಮೇಲೆ ಸಾಲಾಗಿಟ್ಟ ದವಡೆಗಳು ಒಟ್ಟಿಗೇ ಆಕಳಿಸುತ್ತಿದ್ದಂತೆ ಕಾಣುತ್ತಿದ್ದವು. ಹಲ್ಲಕ್ಕನ ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತಿತ್ತು. ಐವತ್ತೆರಡು ವರ್ಷದ ಹೆಂಗಸು ಹಗಲುಗನಸು ಕಾಣುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಅಂಥದೇ ಒಂದು ದಿನ ಮೇಣ ತಿದ್ದುವ ಸಣ್ಣ ಬ್ರಶ್ಶು ಸವೆದುಹೋಯಿತೆಂದು ಬಸ್‌ಸ್ಟಾಪಿನ ಪಕ್ಕದ ಸ್ಟೇಷನರಿ ಅಂಗಡಿಗೆ ಹೋದಳು. ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದ ಅಂಗಡಿಯಾಕೆಯ ಎದುರಿಗೆ ಪುಟ್ಟ ಪುಟ್ಟ ರಟ್ಟಿನ ಪೆಟ್ಟಿಗೆಗಳ ಒಂದು ಗೋಪುರವಿತ್ತು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಹಲ್ಲಕ್ಕ ಬ್ರಶ್ಶನ್ನು ಮರೆತೇಬಿಟ್ಟಳು. ಮಡಕೆಯಂಥ ಹೊಟ್ಟೆ, ಗಿಡ್ಡ ಕಾಲು, ನೆಲಕ್ಕೆ ತಾಗುವ ಬಾಲ, ಕಿವಿಯಿಂದ ಕಿವಿಗೆ ಹರಡಿದ ಬಾಯಿ.

"ಇದು ಗುಂಡುಗುಮ್ಮ ಅಲ್ವಾ?"

"ಹೆಸರು ಗೊತ್ತಿಲ್ಲಮ್ಮ. ಹಳೇ ಕಾಲದ ರಬ್ಬರ್ ಗೊಂಬೆಯಂತೆ, ಈಗ ಚಿಕ್ಕದು ಮಾಡಿ ಮತ್ತೆ ಬಿಟ್ಟಿದ್ದಾರೆ. ಹನ್ನೆರಡು ಬಣ್ಣ ಇದೆಯಂತೆ. ಒಳಗೆ ಯಾವುದಿದೆ ಅಂತ ತೆಗೆದ ಮೇಲೇ ಗೊತ್ತಾಗೋದು."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಯಾರಾದರೂ ನೋಡಿಯಾರೆಂದು ಚೀಲದೊಳಗೇ ಪೆಟ್ಟಿಗೆ ಬಿಚ್ಚಿದಳು. ಹೆಬ್ಬೆರಳಿನಷ್ಟೆತ್ತರದ ಹಳದಿ ಗುಮ್ಮ. ಅವಳ ಚಿಕ್ಕಂದಿನಲ್ಲಿ ಅವಳಿಗೂ ಅವಳ ತಮ್ಮನಿಗೂ ಸೇರಿ ಒಂದೇ ಆಗಿದ್ದ ಗುಮ್ಮ ಮೊಳದುದ್ದವಿತ್ತು, ಹೊಟ್ಟೆ ಅದುಮಿದರೆ ಗುರ್ ಎನ್ನುತ್ತಿತ್ತು. ಇದು ಅದುಮಿದರೆ ಸುಮ್ಮನೆ ತಗ್ಗಿ ಮತ್ತೆ ಉಬ್ಬಿತು. ಆದರೆ ಮೂಗಿನ ಹತ್ತಿರ ತಂದಾಗ ಅದೇ ವಾಸನೆ ಬಂತು, ಬಿಸಿಲಿಗಿಟ್ಟ ಹೊಸ ಚಪ್ಪಲಿಯ ವಾಸನೆ. ಎರಡು ಸ್ಟಾಪು ಮುಂದೆ ಹೋದ ಮೇಲೆ ಅವಳಿಗೆ ಇಳಿಯಬೇಕಿತ್ತೆಂದು ನೆನಪಾಯಿತು.

ಅಲ್ಲಿಂದ ಶುರುವಾಯಿತು. ವಾರಕ್ಕೊಂದು ಪೆಟ್ಟಿಗೆ. ಇಟ್ಟಿಗೆ ಕೆಂಪಿನದು ಬಂತು, ಬೂದು ಬಣ್ಣದ್ದು ಬಂತು, ಹಳದಿ ಇನ್ನೆರಡು ಸಲ ಬಂದು ನಗಿಸಿತು. ಅವನ್ನೆಲ್ಲ ಲ್ಯಾಬಿನ ಶೆಲ್ಫಿನ ಮೇಲೆ ದವಡೆಗಳ ಮಧ್ಯೆ ನಿಲ್ಲಿಸಿದಳು. ಯಜಮಾನರು ಒಂದು ದಿನ ಕನ್ನಡಕ ಮೇಲೆತ್ತಿ ನೋಡಿದರು.

"ಇವರು ಯಾವ ಡಾಕ್ಟರ ಪೇಷಂಟುಗಳಮ್ಮಾ?"

"ನನ್ನವರೇ ಸಾರ್. ಇನ್ನೂ ಹಲ್ಲು ಕಟ್ಟಬೇಕು."

ನಿಜವಾಗಿಯೂ ಆ ಚಿಕ್ಕ ಗುಮ್ಮಗಳಿಗೆ ಹಲ್ಲಿನ ಜಾಗದಲ್ಲಿ ಒಂದು ಗೀರಷ್ಟೇ ಇತ್ತು. ಮಧ್ಯಾಹ್ನದ ಆ ಮೌನದಲ್ಲಿ ಅವು ಶೆಲ್ಫಿನಿಂದ ಇಳಿದು, ಪ್ಲಾಸ್ಟರಿನ ಪುಡಿಯಲ್ಲಿ ಹೆಜ್ಜೆ ಮೂಡಿಸುತ್ತ, ತಮಗೆ ಹೊಂದುವ ದವಡೆ ಹುಡುಕುತ್ತ ಓಡಾಡಿದಂತೆ ಅವಳಿಗೆ ಅನಿಸುತ್ತಿತ್ತು. ಆದರೆ ಅವಳು ಕಾಯುತ್ತಿದ್ದದ್ದು ಒಂದೇ ಬಣ್ಣಕ್ಕೆ. ಅವರ ಮನೆಯ ಗುಮ್ಮನ ಹಸಿರಿಗೆ.

ಹಲ್ಲಕ್ಕ ಮತ್ತು ಅವಳ ಅಮ್ಮ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿಯೇ ತಣ್ಣಗಾಗಿತ್ತು. ಅದರ ಬಗ್ಗೆ ಅವಳಿಗೆ ಬೇಸರವೇನೂ ಉಳಿದಿರಲಿಲ್ಲ. ತಮ್ಮ ಲಿಫ್ಟು ರಿಪೇರಿ ಮಾಡುವವನು. ಹೆಂಡತಿ ಮಕ್ಕಳೊಂದಿಗೆ ನಾಲ್ಕು ಬೀದಿಯಾಚೆ ಇದ್ದ. ಭಾನುವಾರ ಬಂತೆಂದರೆ ಬಿಡದೆ ಅಕ್ಕನ ಮನೆಗೆ ಬರುತ್ತಿದ್ದ. ಕೆಟ್ಟದ್ದೇನೂ ಇಲ್ಲದಿದ್ದರೂ ನಲ್ಲಿ ಬಿಚ್ಚಿ ಕೂರಿಸುತ್ತಿದ್ದ, ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದ. "ನಿನ್ನ ತಮ್ಮನಂಥ ತಮ್ಮ ಯಾರಿಗಿದ್ದಾನೆ," ಎಂದು ಪಕ್ಕದ ಮನೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಒಂದು ಭಾನುವಾರ ಅವಳು ಹಳದಿ ಗುಮ್ಮನನ್ನು ಅವನ ಅಂಗೈಯಲ್ಲಿಟ್ಟಳು. ಅವನು ಗ್ರೀಸು ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹಕ್ಕಿಮರಿ ಹಿಡಿದಂತೆ ಹಿಡಿದ.

"ಅಯ್ಯೋ, ನಮ್ಮ ಗುಮ್ಮ! ನಮ್ಮದು ನೇರಳೆ ಇತ್ತಲ್ವಾ ಅಕ್ಕ?"

"ನೇರಳೆ ಎಲ್ಲಿಂದ ಬಂತೋ? ಹಸಿರು ಕಣೋ."

"ಹಸಿರಾ? ಇಲ್ಲ ಬಿಡು. ನೇರಳೆ. ಹೊಟ್ಟೆ ಹತ್ರ ಸ್ವಲ್ಪ ಮಾಸಿತ್ತು."

"ಅರ್ಧ ಊರಿನ ಬಾಯಿಗೆ ಬಣ್ಣ ಹೊಂದಿಸೋಳು ನಾನು. ನನಗೆ ಬಣ್ಣ ಹೇಳಿಕೊಡ್ತೀಯಾ?"

"ನೀನು ಬಿಳಿ ನೋಡೋಳು. ನೇರಳೆ ನನಗೆ ಬಿಡು."

ನಗುತ್ತಲೇ ಶುರುವಾದ ಜಗಳ ಮುಂದಿನ ಭಾನುವಾರಕ್ಕೂ ಹೋಯಿತು, ಅದರ ಮುಂದಿನದಕ್ಕೂ. ತಮ್ಮನೂ ಪೆಟ್ಟಿಗೆ ಕೊಳ್ಳತೊಡಗಿದ. ಅವನಿಗೆ ನೇರಳೆ ಸಿಕ್ಕಿತು. ಅವಳಿಗೆ ಹಸಿರು ಸಿಕ್ಕಿತು. ಎರಡನ್ನೂ ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ ಇಬ್ಬರೂ ದಿಟ್ಟಿಸಿದರು. ಇಬ್ಬರಿಗೂ ತಮ್ಮದೇ ಅದು ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. "ಅಮ್ಮಾ, ನೀನಾದ್ರೂ ಹೇಳು," ಎಂದು ಕೂಗಿದರೆ ಅಮ್ಮ ರೇಡಿಯೋದ ಸದ್ದು ಜೋರು ಮಾಡಿ, "ನನಗೆ ನಿನ್ನೆಯದೇ ನೆನಪಿರಲ್ಲ," ಅಂದುಬಿಟ್ಟಳು. ನಿನ್ನೆಯದಷ್ಟೇ ಅಲ್ಲ, ಪಕ್ಕದ ಮನೆಯವರ ಮೂರು ತಲೆಮಾರಿನ ಕಥೆಯೂ ಅವಳಿಗೆ ನೆನಪಿತ್ತು.

ಆ ದಿನಗಳಲ್ಲಿ ಅಮ್ಮನ ಹಲ್ಲಿನ ಸೆಟ್ಟು ಸಡಿಲವಾಗಿ ಮಾತಾಡುವಾಗ ಟಕಟಕ ಅನ್ನುತ್ತಿತ್ತು. ಹಲ್ಲಕ್ಕ ಹೊಸದು ಕಟ್ಟಲು ಕೂತಿದ್ದಳು. ಮೇಣದಲ್ಲಿ ನಿಲ್ಲಿಸಿದ ಹಲ್ಲನ್ನು ಬಾಯಲ್ಲಿಟ್ಟು ನೋಡಬೇಕಿತ್ತು. ಅದಕ್ಕೇ ಒಂದು ಮಧ್ಯಾಹ್ನ ಅಮ್ಮನನ್ನು ಲ್ಯಾಬಿಗೇ ಕರೆತಂದಳು. ಯಜಮಾನರು ಊಟ ಮುಗಿಸಿ ಒಳಗೆ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಅಮ್ಮ ಸ್ಟೂಲಿನ ಮೇಲೆ ಬಾಯಿ ಬೊಚ್ಚು ಮಾಡಿಕೊಂಡು ಕೂತು ಸುತ್ತ ನೋಡಿದಳು. ಶೆಲ್ಫಿನ ಮೇಲೆ ಒಂಬತ್ತು ಗುಮ್ಮಗಳು ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದವು. ತಮ್ಮನ ನೇರಳೆಯೂ ಅಲ್ಲೇ ಇತ್ತು, ಜಗಳ ತೀರುವ ತನಕ ಒತ್ತೆಯಾಗಿ.

ಅಮ್ಮ ಎದ್ದು ಹೋಗಿ ಹಸಿರನ್ನು ಒಂದು ಕೈಯಲ್ಲೂ ನೇರಳೆಯನ್ನು ಇನ್ನೊಂದು ಕೈಯಲ್ಲೂ ತೆಗೆದುಕೊಂಡಳು. ಹಲ್ಲಿಲ್ಲದ ಬಾಯಿಂದ ಗಾಳಿಯಂತೆ ಮಾತು ಬಂತು.

"ಎರಡೂ ಇತ್ತು ಕಣೇ."

"ಏನು?"

"ಎರಡು ಗುಮ್ಮ ಇತ್ತು. ಇದು ನಿಂದು. ಇದು ಅವನದು."

ಹಲ್ಲಕ್ಕ ಮೇಣದ ದವಡೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ಅಮ್ಮ ಹೇಳಿದಳು. ತಮ್ಮನಿಗೆ ಐದು ವರ್ಷವಿದ್ದಾಗ ಆರು ವಾರ ಅಂಟುರೋಗದ ವಾರ್ಡಿನಲ್ಲಿ ಮಲಗಿಸಿದ್ದರಲ್ಲ, ಆಗ ಅವನು ಹಗಲೂ ರಾತ್ರಿ ಗುಮ್ಮ ಬೇಕು ಎಂದು ಅತ್ತಿದ್ದ. ಅಮ್ಮ ಮನೆಗೆ ಬಂದು ಒಂಬತ್ತು ವರ್ಷದ ಮಗಳನ್ನು ಕೇಳಿದಳು. ಮಗಳು ಹಸಿರು ಗುಮ್ಮನನ್ನು ಹೊದಿಕೆಯೊಳಗೆ ಅವುಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಕೊಡಲಿಲ್ಲ. ಅಮ್ಮನಿಗೆ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಅಂಗಡಿಗೆ ಓಡಿದಳು. ಅಲ್ಲಿ ಉಳಿದಿದ್ದು ನೇರಳೆಯದೊಂದೇ. ವಾರ್ಡಿನೊಳಗೆ ಹೋದ ಆಟಿಕೆ ಹೊರಗೆ ಬರುವಂತಿರಲಿಲ್ಲ, ಮಕ್ಕಳಿಗೆ ಹೇಳದೆ ಅಲ್ಲೇ ಸುಟ್ಟುಹಾಕುತ್ತಿದ್ದರು. ಆರು ವಾರದಲ್ಲಿ ಹಳೆಯ ಬಣ್ಣ ಮರೆತಿದ್ದ ಹುಡುಗ ಮನೆಗೆ ಬಂದಾಗ ಹಸಿರು ಗುಮ್ಮ ನೋಡಿ, ಬಣ್ಣ ಯಾಕೆ ಬದಲಾಯಿತು ಅಂದ. ಮನೆಯ ಬೆಳಕಿಗೆ ಹಾಗೆ ಕಾಣುತ್ತೆ ಅಂದಳು ಅಮ್ಮ. ಅವನು ನಂಬಿದ.

"ಇಷ್ಟು ದಿನ ಯಾಕೆ ಹೇಳಲಿಲ್ಲಮ್ಮ?"

ಅಮ್ಮ ನೇರಳೆ ಗುಮ್ಮನ ಬಾಲವನ್ನು ಬೆರಳಿನಿಂದ ಸವರುತ್ತ ಕೂತಳು. "ಅವನಿಗೆ ಬೇರೆ ಹೇಳಿದ್ದೆ. ಅಕ್ಕ ಮನೆಯ ಗುಮ್ಮನ್ನೇ ನಿನಗೆ ಕೊಟ್ಟು ಕಳಿಸಿದ್ದಾಳೆ ಅಂದಿದ್ದೆ. ಆ ಮಾತು ಕೇಳಿ ಅಳು ನಿಲ್ಲಿಸಿದ."

ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲುತ್ತಲೇ ಇತ್ತು. ಹಲ್ಲಕ್ಕನಿಗೆ ಆ ಹೊದಿಕೆಯೊಳಗಿನ ಕತ್ತಲು ಇದ್ದಕ್ಕಿದ್ದ ಹಾಗೆ ನೆನಪಿಗೆ ಬಂತು. ಪಕ್ಕದ ಖಾಲಿ ಹಾಸಿಗೆ, ತಲೆಯ ಮೇಲೆ ಅಮ್ಮನ ಕೈ, ಹೊಟ್ಟೆಗೆ ಒತ್ತಿಕೊಂಡರೆ ಗುರ್ ಅನ್ನುತ್ತಿದ್ದ ರಬ್ಬರು. ಅಮ್ಮ ಕೇಳಿದ್ದೂ ನೆನಪಾಯಿತು, ತಾನು ನಿದ್ದೆ ಬಂದವಳಂತೆ ನಟಿಸಿದ್ದೂ. ನಲವತ್ತಮೂರು ವರ್ಷದ ಭಾನುವಾರಗಳೆಲ್ಲ ಒಮ್ಮೆಗೇ ಬಂದು ಎದುರಿಗೆ ನಿಂತಂತಾಯಿತು. ಆ ನಲ್ಲಿಗಳು, ಆ ಕೀಲೆಣ್ಣೆ, ಎಲ್ಲ ತಾನು ಕೊಡದ ಗುಮ್ಮನಿಗೆ ಸಂದ ಪ್ರತಿಫಲವೇ? ಅಮ್ಮನ ಬಾಯಲ್ಲಿ ಮೇಣದ ಹಲ್ಲು ಇಟ್ಟು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು. ಎರಡು ಹಲ್ಲು ಡೊಂಕಾದವು.

"ಅವನಿಗೆ ಹೇಳಬೇಡ," ಅಂದಳು ಅಮ್ಮ. "ಇಷ್ಟು ವರ್ಷ ನಡೆದಿದೆ, ಹೀಗೇ ನಡೀಲಿ."

ಅವಳೂ ಹಾಗೇ ಅಂದುಕೊಂಡಳು. ಆದರೆ ಭಾನುವಾರ ತಮ್ಮ ಬಂದು ಚೀಲ ಇಳಿಸಿ, "ಯಾವುದು ಸರಿಯಿಲ್ಲ ಅಕ್ಕಾ?" ಎಂದು ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಎಲ್ಲ ಹೇಳಿಬಿಟ್ಟಳು. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. ಮತ್ತೆ ತೆಗೆದ. ಮತ್ತೆ ಹಾಕಿದ.

"ಕೊಡಲಿಲ್ವಾ ನೀನು?"

"ಇಲ್ಲ ಕಣೋ."

"ಸರಿ," ಎಂದ. ನೀರು ಕೂಡ ಕುಡಿಯದೆ ಮೆಟ್ಟಿಲಿಳಿದು ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹೆಂಡತಿ ಫೋನು ಮಾಡಿ, ಏನೋ ದೊಡ್ಡ ಕಟ್ಟಡದ ಕೆಲಸವಂತೆ ಅತ್ತಿಗೆ ಅಂದಳು. ಅಮ್ಮ ಮಗಳ ಮೇಲೆ ಮುಖ ಊದಿಸಿಕೊಂಡು ಕೂತಳು. ಹಲ್ಲಕ್ಕ ಆ ಎರಡು ವಾರ ಸ್ಟೇಷನರಿ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಲ್ಯಾಬಿನಲ್ಲಿ ಮಧ್ಯಾಹ್ನವಾದರೆ ಶೆಲ್ಫಿನ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಕಣ್ಣು ಮುಚ್ಚಿದರೆ ಉದ್ದನೆಯ ವಾರ್ಡೊಂದು ಕಾಣುತ್ತಿತ್ತು. ಎರಡೂ ಕಡೆ ಬಿಳಿಯ ಮಂಚಗಳು, ಅವಳು ನಡೆದಷ್ಟೂ ಮುಗಿಯದ ಮಂಚಗಳು. ಯಾವುದರ ಮೇಲೂ ತಮ್ಮ ಇರುತ್ತಿರಲಿಲ್ಲ.

ಮೂರನೇ ವಾರ, ಭಾನುವಾರವೇ ಅಲ್ಲ, ಬುಧವಾರ ಮೂರು ಗಂಟೆಗೆ ಅವನು ಲ್ಯಾಬಿಗೇ ಬಂದ. ಮೇಲಿನ ಮಹಡಿಯ ಲಿಫ್ಟು ನೋಡಲು ಬಂದಿದ್ದನಂತೆ. ಆ ಕಟ್ಟಡದ ಲಿಫ್ಟು ಅಂದು ಚೆನ್ನಾಗಿಯೇ ಓಡುತ್ತಿತ್ತು. ಅಮ್ಮನೂ ಹೊಸ ಸೆಟ್ಟು ಹಾಕಿಸಿಕೊಳ್ಳಲು ಬಂದು ಸ್ಟೂಲಿನ ಮೇಲಿದ್ದಳು. ತಮ್ಮ ಬೆಂಚಿನ ತುದಿಯಲ್ಲಿ ಕೂತ.

"ನನಗೆ ಕೋಪ ಬಂದಿದ್ದು ನಿಜ ಅಕ್ಕ," ಅಂದ. "ಒಂದು ವಾರ ಪೂರ್ತಿ ಇತ್ತು. ಆಮೇಲೆ ಬೇರೆ ಒಂದು ನೆನಪಾಯ್ತು. ಆ ವಾರ್ಡಲ್ಲಿ ನಾನು ಅಳ್ತಿದ್ದೆ ಗೊತ್ತಾ? ಗುಮ್ಮ ಬಂದ ಮೇಲೂ ಅಳ್ತಿದ್ದೆ. ಅಮ್ಮನಿಗೆ ಗೊತ್ತಿಲ್ಲ ಅದು."

"ಯಾಕೋ?" ಅಂದಳು ಅಮ್ಮ.

"ಅಕ್ಕ ಮನೇಲಿ ಗುಮ್ಮ ಇಲ್ಲದೆ ಒಬ್ಬಳೇ ಮಲಗಿದ್ದಾಳೆ ಅಂತ. ಅವಳಿಗೆ ಕತ್ತಲು ಅಂದ್ರೆ ಆಗ್ತಿರಲಿಲ್ವಲ್ಲ. ಕಸ ಗುಡಿಸೋಕೆ ಬರ್ತಿದ್ದ ಅಜ್ಜಿ ಹತ್ರ ದಿನಾ ಹೇಳ್ತಿದ್ದೆ, ಇದನ್ನ ನಮ್ಮಕ್ಕನಿಗೆ ಕೊಟ್ಟು ಬಾ ಅಂತ." ಅವನು ಮೂಗು ಉಜ್ಜಿಕೊಂಡ. "ನಿನ್ನ ಹತ್ರ ಒಂದು ಇತ್ತು ಅಂದ್ರೆ, ಆರು ವಾರ ನಾನು ಸುಮ್ಸುಮ್ನೆ ಹೆದರಿದ್ದೆ ಅಂತಾಯ್ತು. ಅದು ನಿನ್ನ ಹತ್ರ ಇದ್ದಿದ್ದೇ ಒಳ್ಳೇದಾಯ್ತು ಬಿಡು."

ಹಲ್ಲಕ್ಕನಿಗೆ ತಾನು ಅತ್ತರೆ ಅವನು ಎದ್ದು ಹೋಗುತ್ತಾನೆಂದು ಗೊತ್ತಿತ್ತು. ಹಾಗಾಗಿ ಅಮ್ಮನ ಸೆಟ್ಟನ್ನು ನೀರಿನಲ್ಲಿ ಅಲುಗಿಸಿ, ಬಟ್ಟೆಯಿಂದ ಒತ್ತಿ, ಅಮ್ಮನ ಬಾಯಿಗೆ ಕೂರಿಸಿದಳು. ಅಮ್ಮ ಕಚ್ಚಿ ನೋಡಿದಳು. ಟಕಟಕ ಇರಲಿಲ್ಲ.

"ಯಾವ ಅಜ್ಜಿಯೋ ಅದು?" ಅಂದಳು ಅಮ್ಮ ಸ್ಪಷ್ಟವಾಗಿ. "ನಾನು ಬಂದಾಗ ಯಾವತ್ತೂ ಕಂಡಿಲ್ಲವಲ್ಲ."

"ನೀನು ಬರೋದು ಸಾಯಂಕಾಲ. ಅವಳು ಬರೋದು ಬೆಳಿಗ್ಗೆ. ಸಿಳ್ಳೆ ಹಾಕ್ತಾ ಗುಡಿಸ್ತಿದ್ದಳು. ಡಾಕ್ಟರು ಬಂದ ಸದ್ದಾದ್ರೆ ನಿಲ್ಲಿಸ್ತಿದ್ದಳು. ಕಿಟಕಿಯಾಚೆ ಒಂದು ನೀರಿನ ಟ್ಯಾಂಕು ಇತ್ತು. ಅದರ ಮೇಲೆ ಒಂದು ಬೆಕ್ಕು ಮಲಗ್ತಿತ್ತು, ಮಳೆ ಬಂದ್ರೂ ಇಳೀತಿರಲಿಲ್ಲ..."

ಇದನ್ನೆಲ್ಲ ಅವನು ಯಾವತ್ತೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಹಲ್ಲಕ್ಕ ಸ್ಟೂಲೊಂದನ್ನು ಎಳೆದುಕೊಂಡು ಅವನ ಪಕ್ಕ ಕೂತಳು. "ಬೆಕ್ಕು ಯಾವ ಬಣ್ಣ?" ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. "ಆಮೇಲೆ?" ಅಂದಳು. ಅವನು ಪಕ್ಕದ ಮಂಚದ ಹುಡುಗನ ವಿಷಯ ಶುರುಮಾಡಿದ. ಅಮ್ಮ ಹೊಸ ಹಲ್ಲನ್ನು ನಾಲಿಗೆಯಿಂದ ತಡವಿಕೊಳ್ಳುತ್ತ ಕೇಳುತ್ತಿದ್ದಳು. ಒಳಗಿನ ಕುರ್ಚಿಯಲ್ಲಿ ಎಚ್ಚರಗೊಂಡ ಯಜಮಾನರು ಬಾಗಿಲ ತನಕ ಬಂದು, ಮೂವರನ್ನೂ ನೋಡಿ, ಸದ್ದು ಮಾಡದೆ ಹಿಂದಕ್ಕೆ ಹೋದರು.