ಮುಚ್ಚಿದ ಡಬ್ಬಿಯ ಒಡಕು ಕಲ್ಲು

“ಅಕ್ಕಾರ, ಆ ತಿರಗೋ ಡಬ್ಬಿ ನಿಂದರಸ್ರಿ. ಒಳಗ ಒಂದು ಒಡಕ ಕಲ್ಲ ಅದ,” ಎಂದರು ನೀರು ಕೇಳಿ ಬಾಗಿಲಿಗೆ ಬಂದಿದ್ದ ಮಂಗಮ್ಮ. ಕಲಬುರಗಿ ಕಡೆಯ ಅವರು ಮರಾಠಿ ನಾಡಿನ ಸಂಭಾಜಿನಗರದ ನಮ್ಮ ಗಲ್ಲಿಯಲ್ಲಿ ಸವೆದ ಒರಳುಕಲ್ಲುಗಳಿಗೆ ಉಳಿ ಹೊಡೆದುಕೊಡುತ್ತಾರೆ.

ಗುಹೆಗಳಿರುವ ವೇರೂಳ್ ದಾರಿಯಲ್ಲಿ ಆರಿಸಿ ತಂದ ಕಲ್ಲುಗಳನ್ನು ನೀರು, ಉಜ್ಜುವ ಪುಡಿಯ ಜೊತೆ ಡಬ್ಬಿಗೆ ತುಂಬಿ, ಮೋಟಾರಿನಿಂದ ವಾರಗಟ್ಟಲೆ ಉರುಳಿಸಿ ಹೊಳಪು ಬರಿಸುವುದು ನನ್ನ ಹವ್ಯಾಸ. ಹಿಂದಿನ ಎರಡು ಸಲವೂ ಕಲ್ಲುಗಳೆಲ್ಲ ಗೀರು ಬಿದ್ದು ಹಾಳಾಗಿದ್ದವು. ಏಕೆಂದು ತಿಳಿದಿರಲಿಲ್ಲ.

ಮುಚ್ಚಿದ ಡಬ್ಬಿಯೊಳಗಿನದು ಇವರಿಗೆ ಹೇಗೆ ಗೊತ್ತು ಎಂದು ಸಿಡುಕುತ್ತಲೇ ಮೋಟಾರು ನಿಲ್ಲಿಸಿ ಕಲ್ಲುಗಳನ್ನು ಬೋಗುಣಿಗೆ ಸುರಿದೆ. ಮಂಗಮ್ಮ ಒಂದೊಂದನ್ನೇ ಉಳಿಯ ತುದಿಯಿಂದ ಬಡಿದು ಕಿವಿಗೊಟ್ಟರು. ಕೊನೆಗೆ ಒಂದು ಕೆಂಪು ಕಲ್ಲನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಎರಡು ಹೋಳಾಯಿತು. ಇಂಥ ಒಡಕಿನ ಚೂಪು ಅಂಚೇ ಹಿಂದಿನ ಎರಡು ಸಲವೂ ಉಳಿದವನ್ನೆಲ್ಲ ಗೀರಿತ್ತು.

“ಛಲೋ ಕಲ್ಲು ಗಂಟಿ ಬಾರಿಸಿದಂಗ ಕೇಳ್ತದ್ರಿ. ಒಡಕಿಂದು ಗೊಗ್ಗರ ದನಿ,” ಎಂದು ನೀರು ಕುಡಿದು ಹೊರಟರು.

ಆ ಕೆಂಪು ಕಲ್ಲು ಬಿಟ್ಟು ಉಳಿದವನ್ನು ಮತ್ತೆ ಉರುಳಿಸಿದೆ. ಈಗ ಅವುಗಳ ಹೊಳಪಿನಲ್ಲಿ ನಮ್ಮ ಕಿಟಕಿಯ ಸರಳುಗಳೇ ಕಾಣುತ್ತವೆ. ಮುಂದಿನ ಸಲಕ್ಕೆಂದು ಬುಟ್ಟಿಯಲ್ಲಿ ತಂದಿಟ್ಟ ಹೊಸ ಕಲ್ಲುಗಳನ್ನು ನಾನೂ ಚಮಚದಿಂದ ಬಡಿದು ಕಿವಿಗೊಟ್ಟೆ. ಎಲ್ಲವೂ ಒಂದೇ ತರಹ ಕೇಳಿಸಿದವು. ಬುಟ್ಟಿ ಹಾಗೇ ಇದೆ. ಮಂಗಮ್ಮ ಮತ್ತೆ ನಮ್ಮ ಗಲ್ಲಿಗೆ ಬರುವವರೆಗೆ ಮೋಟಾರು ಹಚ್ಚುವುದಿಲ್ಲ.