ಸಂಜೆ ಹಾಲಿಗೆ ಮುಂಚೆ ಅಪ್‌ಗ್ರೇಡ್

ಗೆಳೆಯರೇ, ಹಾಲಿನ ಡೇರಿಗಳ ಲೆಕ್ಕ ನಡೆಸುವ ನಮ್ಮ ಕ್ಲಸ್ಟರನ್ನು, ಅಂದರೆ ಸರ್ವರ್‌ಗಳ ಗುಂಪನ್ನು, ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆಯೇ ಅಪ್‌ಗ್ರೇಡ್ ಮಾಡಬೇಕು. ಹಸುಗಳು ಕೊಟ್ಟ ಬಿಡುವು ಅದು. ಒಂದು ವರ್ಚುವಲ್ ಸರ್ವರ್‌ನ ಕೆಲಸವನ್ನು ಉಳಿದವುಗಳ ಮೇಲೆ ಹೊರಿಸಿ, ಒಂದೊಂದನ್ನೇ ಹೊಸದು ಮಾಡುತ್ತೇವೆ. ಏನೂ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಇಂದು ಕೊನೆಯ ಸರ್ವರ್‌ಗೆ ಬರುವಷ್ಟರಲ್ಲಿ ಸಂಜೆಯ ಹಾಲಿನ ಹೊತ್ತಾಗಿ, ಹೊರೆ ತಾಳದೆ ಎಲ್ಲವೂ ಕೂತುಬಿಟ್ಟವು.

ತ್ಯಾಮಗೊಂಡ್ಲು ಕಡೆಯ ಡೇರಿಯ ಕಾರ್ಯದರ್ಶಿ ಜಯಮ್ಮ ಫೋನ್ ಮಾಡಿದರು.

"ನಿಲ್ಲಲ್ಲ ಅಂದಿದ್ಯಲ್ಲಪ್ಪಾ? ಜನ ಕ್ಯಾನ್ ಹಿಡ್ಕೊಂಡು ನಿಂತವ್ರೆ. ಈ ಬಿಸ್ಲಿಗೆ ಹಾಲು ಒಡೆದೋಯ್ತದೆ."

"ಇನ್ನೊಂದೇ ಬಾಕಿ ಅಕ್ಕ, ಬಂದ್ಬಿಡುತ್ತೆ."

ಅವರ ಹಿಂದೆ ಯಾರೋ ನನ್ನನ್ನು ಬೈಯುತ್ತಿದ್ದರು. "ಸುಮ್ನಿರೋ, ಆವಪ್ಪ ಇನ್ನೂ ಉಂಡಿಲ್ವೇನೋ," ಎಂದರು ಜಯಮ್ಮ. ನಿಜ, ಉಂಡಿರಲಿಲ್ಲ.

ಅಷ್ಟರಲ್ಲಿ ಸರ್ವರ್‌ಗಳು ಎದ್ದವು. "ಬಂತು ಕಣಪ್ಪ. ಮೊದ್ಲು ಉಣ್ಣೋಗು."

ಮೇಲಿನವರಿಗೆ ಕಳಿಸಿದ ವರದಿಯಲ್ಲಿ 'ಗ್ರಾಹಕರ ದೂರು' ಎಂಬಲ್ಲಿ, 'ಎಂಜಿನಿಯರ್ ಊಟ ಮಾಡಿಲ್ಲ' ಎಂದು ಬರೆದೆ.